ಬಿಸಿಲಿಗೆ ಬಡಿಸಿದ ಕೆಂಪು

ಬೆಟಗೇರಿಯ ನಮ್ಮ ಸೋದರಮಾವನ ಮನೆಯೊಳಗೆ ಬಿಸಿಲಿಗೆ ಪ್ರವೇಶವಿರಲಿಲ್ಲ. ಓಣಿಯ ನಾಯಿಗಿತ್ತು, ಪಕ್ಕದ ಮನೆಯ ಕೋಳಿಗಳಿಗಿತ್ತು, ಡಿಗ್ರಿ ಓದುವ ನೆಪ ಹೇಳಿ ಶಿರಹಟ್ಟಿಯಿಂದ ಬಂದು ಠಿಕಾಣಿ ಹೂಡಿದ್ದ ನನಗೂ ಇತ್ತು. ಬಿಸಿಲಿಗೆ ಮಾತ್ರ ಇರಲಿಲ್ಲ.

ಮಾವ ನೂಲಿಗೆ ಬಣ್ಣ ಹಾಕುವವನು. ಹಿತ್ತಲಲ್ಲಿ ಅವನಪ್ಪನ ಕಾಲದ ಭಟ್ಟಿ, ಅದರ ಮೇಲೆ ಎಮ್ಮೆ ಮುಳುಗುವಷ್ಟು ದೊಡ್ಡ ಕಡಾಯಿ, ಕಡಾಯಿಯಲ್ಲಿ ಕೊತಕೊತ ಕುದಿಯುವ ಕೆಂಪು. ನೇಕಾರರು ಸೀರೆಯ ದಡಿಗೆ, ಸೆರಗಿಗೆ ಬೇಕಾದ ನೂಲಿನ ಲಡಿಗಳನ್ನು ತಂದು ಕೊಟ್ಟರೆ ಮಾವ ಅದ್ದಿ, ಹಿಂಡಿ, ತೊಳೆದು ಬಿದಿರಿನ ಗಳಗಳ ಮೇಲೆ ನೇತುಹಾಕುತ್ತಿದ್ದ. ನೆರಳಿನಲ್ಲಿ. ಹಸಿ ನೂಲಿಗೆ ಬಿಸಿಲು ತಾಗಿದರೆ ಬಣ್ಣ ಒಂದು ಕಡೆ ಉಳಿದು ಇನ್ನೊಂದು ಕಡೆ ಹಾರಿಹೋಗುತ್ತದೆ, ಲಡಿಗೆ ತೊನ್ನು ಹತ್ತಿದಂತೆ ಕಾಣುತ್ತದೆ. ಅದಕ್ಕೆ ಹಿತ್ತಲಿಗೆಲ್ಲ ತಗಡಿನ ಚಪ್ಪರ, ತಗಡಿನ ತೂತುಗಳಿಗೆ ಗೋಣಿಚೀಲದ ತೇಪೆ, ಸಾಲದ್ದಕ್ಕೆ ಎಲ್ಲದರ ತಲೆಯ ಮೇಲೆ ಒಂದು ಹಳೆಯ ಬೇವಿನ ಮರ. ನೆರಳು ಸರಿದಂತೆ ಗಳಗಳನ್ನೂ ಸರಿಸುತ್ತ ಮಾವ ದಿನವಿಡೀ ಹಿತ್ತಲಲ್ಲಿ ಸುತ್ತುತ್ತಿದ್ದ. ಅವನಿಗೆ ಗಡಿಯಾರ ಬೇಕಿರಲಿಲ್ಲ.

ಈ ಚಾಳಿ ನೂಲಿಗಷ್ಟೇ ನಿಂತಿದ್ದರೆ ಬೇರೆ ಮಾತು. ಅತ್ತೆ ಟಿವಿಗೆ ಹೊದಿಕೆ ಹಾಕಿದ್ದರು, ನನ್ನ ಸೈಕಲ್ಲಿನ ಸೀಟಿಗೆ ಹಳೆಯ ಕುಬಸ ಸುತ್ತಿದ್ದರು, ಗೋಡೆಯ ಕ್ಯಾಲೆಂಡರಿನ ದೇವರಿಗೆ ಮಧ್ಯಾಹ್ನ ಕಿಟಕಿಯ ಬಿಸಿಲು ಬೀಳುತ್ತದೆಂದು ದೇವರನ್ನೇ ಅಡುಗೆಮನೆಗೆ ವರ್ಗ ಮಾಡಿದ್ದರು. ನನ್ನ ಅಂಗಿಗಳನ್ನು ಒಳಮಗ್ಗುಲು ಹೊರಗೆ ತಿರುಗಿಸಿ ಒಣಹಾಕುತ್ತಿದ್ದರು. ಬೆಳಿಗ್ಗೆ ಬಸ್ಸಿನ ಅವಸರದಲ್ಲಿ ನಾನು ಹಾಗೆಯೇ ತೊಟ್ಟುಕೊಂಡು ಕಾಲೇಜಿಗೆ ಹೋಗಿಬಿಡುತ್ತಿದ್ದೆ. ಇದು ಹೊಸ ಫ್ಯಾಶನ್ ಎಂದು ಹುಡುಗಿಯರ ಮುಂದೆ ಸಾಧಿಸಿದೆ. ಯಾರೂ ನಂಬಲಿಲ್ಲ.

ಓದಿನಲ್ಲಿ ನಾನು ಹೇಳಿಕೊಳ್ಳುವಂಥವನಲ್ಲ. ನನಗಿದ್ದದ್ದು ಗಂಟಲು. ಶಿರಹಟ್ಟಿ ಬಸ್ಸಿನ ಕಂಡಕ್ಟರು ಮೂಗಿನಲ್ಲಿ ಊರಿನ ಹೆಸರು ಕೂಗುವುದು, ಪ್ರಿನ್ಸಿಪಾಲರು ಮೈಕಿಗೆ ಊದಿ ಊದಿ ಅದು ಬದುಕಿದೆಯೋ ಇಲ್ಲವೋ ನೋಡುವುದು, ಅತ್ತೆ ಹಾಲಿನವನೊಡನೆ ಜಗಳ ತೆಗೆದು ತಾವೇ ಅಳುವುದು, ಎಲ್ಲ ನನ್ನ ಗಂಟಲಲ್ಲಿ ಬಾಡಿಗೆಗಿದ್ದವು. ಒಮ್ಮೆ ಕಾಲೇಜಿನ ಗ್ಯಾದರಿಂಗಿನಲ್ಲಿ, "ಈಗ ನಿನ್ನ ಧ್ವನಿ ಮಾಡಪ್ಪ" ಎಂದರು. ಬಾಯಿ ತೆರೆದೆ. ಏನೂ ಬರಲಿಲ್ಲ. ಅಂದು ಬಿದ್ದ ಚಪ್ಪಾಳೆ ಮತ್ತೆಂದೂ ಬೀಳಲಿಲ್ಲ.

ಮಾವನ ಧ್ವನಿ ಮಾಡುವುದು ಸುಲಭವಿತ್ತು. ಯಾವ ಮಾತೇ ಇರಲಿ, ಮೊದಲು "ಅಲ್ಲಪಾ...", ಆಮೇಲೆ ಒಂದು ಕೆಮ್ಮು, ಆಮೇಲೆ ವಿಷಯ. ಊಟಕ್ಕೆ ಕರೆದರೂ ಕೆಮ್ಮು ಮೊದಲು ಬಂದು ಮಣೆಯ ಮೇಲೆ ಕೂಡುತ್ತಿತ್ತು.

ಎರಡನೆಯ ಧ್ವನಿ ಪಕ್ಕದ ಮನೆಯ ಚಾಚಾನದು. ಚಾಚಾ ಗಾದಿ ಮಾಡುವವರು. ಹತ್ತಿ ಹಿಂಜಿ, ಗಾದಿ ತುಂಬಿ, ಹೊಲಿದು ಕೊಡುವುದು ಅವರ ಮನೆತನದ ಕೆಲಸ. ನಾವು ನೆರಳಿನ ಮಂದಿಯಾದರೆ ಅವರು ಬಿಸಿಲಿನ ಮಂದಿ. ಅವರ ಮಣ್ಣಿನ ಮಾಳಿಗೆಯ ಮೇಲೆ ಹತ್ತಿ ಹರವಿದರೆ ಮೋಡವೊಂದು ದಣಿದು ಬಂದು ಕೂತಂತೆ ಕಾಣುತ್ತಿತ್ತು. ಬೇವಿನ ಮರದ ಬುಡ ನಮ್ಮದು, ಟೊಂಗೆಗಳು ಅವರ ಮಾಳಿಗೆಯ ಕಡೆ ಚಾಚಿಕೊಂಡವು. ಪ್ರತಿ ವರ್ಷ ಚಾಚಾ ಟೊಂಗೆ ಕಡಿಸು ಎನ್ನುವುದು, ಮಾವ ಕೆಮ್ಮುವುದು, ಕೊನೆಗೆ ಇಬ್ಬರೂ ಚಹಾ ಕುಡಿಯುವುದು. ಒಂದೇ ಶಾಲೆಯ ಒಂದೇ ಬೆಂಚಿನವರು.

ಆ ಚಹಾ ನಿಂತದ್ದು ಗಟಾರದ ದೆಸೆಯಿಂದ. ನೂಲು ತೊಳೆದ ನೀರು ನಮ್ಮ ಹಿತ್ತಲಿನಿಂದ ಹೊರಟು ಚಾಚಾನ ಮನೆಯ ಕಟ್ಟೆಯ ಮುಂದೆಯೇ ಹಾದುಹೋಗುತ್ತಿತ್ತು. ಮಳೆಗಾಲದಲ್ಲಿ ಒಂದು ದಿನ ಗಟಾರ ಕಟ್ಟಿ, ಉಕ್ಕಿ, ಕಟ್ಟೆಯ ಮೇಲೆ ಹೊಲಿದು ಇಟ್ಟಿದ್ದ ಮದುವೆಯ ಗಾದಿಗೆ ಸಿಡಿಯಿತು. ಹೊಂಬಳದ ಒಕ್ಕಲಿಗರು ಮಗಳಿಗೆಂದು ಮಾಡಿಸಿದ ಬಿಳಿ ಗಾದಿ. ಅದರ ತುಂಬ ಕೆಂಪು ಚಿಕ್ಕೆ. ಚಾಚಾ ಪೂರ್ತಿ ಬಿಚ್ಚಿ ಮತ್ತೆ ಹೊಲಿಯಬೇಕಾಯಿತು.

"ನಿನ್ನ ಬಣ್ಣ ನಿನ್ನ ಮನ್ಯಾಗ ಇಟಗೋ ದೋಸ್ತಾ" ಎಂದರು ಚಾಚಾ, ಗಾದಿಯನ್ನು ನಮ್ಮ ಅಂಗಳಕ್ಕೇ ತಂದು.

"ಅಲ್ಲಪಾ... ಗಟಾರ ನಾ ಕಟ್ಟಿಸೇನೇನು? ನಮ್ಮ ಊರು ಜಿಲ್ಲಾ ಆಗೇತಿ, ಗಟಾರ ಇನ್ನೂ ಹೋಬಳಿದಾಗ ಐತಿ. ಅಲ್ಲಿ ಹೋಗಿ ಕೇಳು."

ಜಿಲ್ಲೆ ಬೇರೆಯಾಗಿ ವರ್ಷಗಳಾಗಿದ್ದರೂ ಮಾವನ ಬಾಯಲ್ಲಿ ಅದು ನಿನ್ನೆ ಮೊನ್ನೆಯದು. ಬೇರೆ ದಿನವಾಗಿದ್ದರೆ ಚಾಚಾ ನಗುತ್ತಿದ್ದರು. ಅಂದು ನಗಲಿಲ್ಲ, ಗಾದಿ ಎತ್ತಿಕೊಂಡು ಹೊರಟರು. ಅಲ್ಲಿಗೆ ಮಾತು ಕಡಿಯಿತು.

ಕಡಿದದ್ದು ಅವರಿಬ್ಬರ ಮಾತು, ಸುಗ್ಗಿಯಾದದ್ದು ನನಗೆ. ಇಬ್ಬರೂ ಹೇಳಬೇಕಾದದ್ದನ್ನು ನನ್ನ ಕೈಯಲ್ಲಿ, ಅಂದರೆ ನನ್ನ ಗಂಟಲಲ್ಲಿ ಕಳಿಸತೊಡಗಿದರು. ನಾನು ಮಾವನ ಮಾತನ್ನು ಮಾವನ ಧ್ವನಿಯಲ್ಲಿ ಕೆಮ್ಮಿನ ಸಮೇತ ಚಾಚಾಗೆ ಒಪ್ಪಿಸುತ್ತಿದ್ದೆ. ಚಾಚಾನ "ಅರೆ ಬೇಟಾ, ಖರೆ ಹೌದೋ ಅಲ್ಲೋ?" ಎಂಬುದನ್ನು ಕೈ ತಿರುವುವ ಸಮೇತ ಮಾವನಿಗೆ. ಕೇಳುವಾಗ ಇಬ್ಬರೂ ನನ್ನ ಮುಖ ನೋಡುತ್ತಿರಲಿಲ್ಲ, ನೆಲ ನೋಡುತ್ತಿದ್ದರು. ನೆಲ ನೋಡಿಕೊಂಡು ಕೇಳಿದರೆ ದೋಸ್ತನೇ ಎದುರಿಗೆ ನಿಂತಂತೆ ಅನ್ನಿಸುತ್ತಿತ್ತೋ ಏನೋ. ಅಷ್ಟು ಒಳ್ಳೆಯ ಪ್ರೇಕ್ಷಕರು ನನಗೆ ಆಮೇಲೆ ಸಿಕ್ಕಿಲ್ಲ.

ಚಳಿ ಮುಗಿಯುವ ಹೊತ್ತಿಗೆ ಚಾಚಾ ಹೇಳಿಕಳಿಸಿದರು: "ನಿನ್ನ ಮಾವಗ ಹೇಳು ಬೇಟಾ. ಮತ್ತ ಮಳಿ ಬರತೈತಿ, ಮತ್ತ ಗಟಾರ ತುಂಬತೈತಿ. ನಾ ಕಟ್ಟಿ ಬಿಟ್ಟು ಎಲ್ಲಿ ಕುಂತು ಹೊಲೀಲಿ?"

ಮಾವ ಕಡಾಯಿಯಲ್ಲಿ ಕೋಲು ತಿರುವುತ್ತ ಕೂತ. ಆಮೇಲೆ ಹೇಳಿದ: "ಅಲ್ಲಪಾ... ಮಿರಗ ಕೂಡೂದ್ರಾಗ ಗಟಾರದ ಕೆಂಪು ಹೋಗತೈತಿ ಅಂತ ಹೇಳು. ಮಿರಗದ ಮೊದಲನೇ ಮಳಿ ದಿನ ಅವಂದ ಬಿಳೇ ಹತ್ತಿ ತಗೊಂಡು ಗಟಾರದಾಗ ಅದ್ದಿ ನೋಡ್ಲಿ. ಕೆಂಪಾತು ಅಂದ್ರ, ಈ ಭಟ್ಟಿಗೆ ನಾನ ನೀರ ಸುರವ್ತೇನಿ. ಮತ್ತ ಹಚ್ಚೂದಿಲ್ಲ."

ಮಿರಗವೆಂದರೆ ಮೃಗಶಿರಾ ಮಳೆ, ಬೇಸಿಗೆ ಮುಗಿಸುವ ಮಳೆ. ನಾನು ಹೋಗಿ ಹಾಗೆಯೇ ಒಪ್ಪಿಸಿದೆ. ಕೆಮ್ಮು ಬಿಟ್ಟು ಒಂದಕ್ಷರ ಸೇರಿಸಲಿಲ್ಲ. ಚಾಚಾನ ಕೈಯಲ್ಲಿದ್ದ ಸೂಜಿ ನಿಂತಿತು. "ಹಿಂಗಂದ್ನಾ?" ಎಂದರು. ಅಷ್ಟೇ. ಈ ಕಡೆ ಅತ್ತೆ ರೊಟ್ಟಿ ಬಡಿಯುವುದನ್ನು ಬಿಟ್ಟು ಎದ್ದು ಬಂದಿದ್ದರು.

"ಭಟ್ಟಿ ಆರಿಸಿ ಏನ್ ಮಾಡ್ತೀರಿ? ಬ್ಯಾರೆ ಏನ್ ಬರತೈತಿ ನಿಮಗ?"

ಮಾವ ತನ್ನ ಕೈ ನೋಡಿಕೊಂಡ. ಮೊಣಕೈವರೆಗೂ ಕೆಂಪು. ಅವನ ಮದುವೆಯ ಫೋಟೋದಲ್ಲಿ ಮದುಮಗಳಿಗಿಂತ ಅವನ ಕೈಗೇ ಹೆಚ್ಚು ಮದರಂಗಿ ಹಚ್ಚಿದಂತೆ ಕಾಣುತ್ತದೆ. ಅತ್ತೆ ಕೇಳಿದ್ದಕ್ಕೆ ಅವನು ಕೆಮ್ಮಲೂ ಇಲ್ಲ.

ಆಮೇಲೆ ಅವನು ಮಾಡದ ಉಪಾಯವಿಲ್ಲ. ಪೀಪಾಯಿಗೆ ಉಸುಕು ತುಂಬಿ ನೀರು ಬಿಟ್ಟ. ಕಸ ನಿಂತಿತು, ಕೆಂಪು ನಡೆದುಹೋಯಿತು. ನೀರು ತಿಳಿಯಾಗಲೆಂದು ಪಟಿಕ ಹಾಕಿ ತಿರುವಿದ, ತಳದಲ್ಲಿ ಕೆಂಪು ಕೆಸರು, ಮೇಲೆ ಗುಲಾಬಿ ನೀರು. ಇದ್ದಿಲು ಹಾಕಿದ, ವಾರದ ಮಟ್ಟಿಗೆ ಚೆಂದವಾಗಿ ಹೀರಿ, ಆಮೇಲೆ ಹೊಟ್ಟೆ ತುಂಬಿದವರಂತೆ ಮುಖ ತಿರುವಿತು. ಬಟ್ಟೆ ಹಿಡಿದು ಸೋಸಿದರೆ ಬಟ್ಟೆ ಚೆಂದವಾಗಿ ಕೆಂಪಾಯಿತು. ಅದನ್ನು ನನಗೆ ಟವೆಲ್ಲು ಮಾಡಿಕೊಟ್ಟರು.

ಆ ಹೊತ್ತಿಗೆ ಬಂದವರು ಮೇಡಂ. ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಕಲಿಸುವವರು, ಮುಂಡರಗಿ ಕಡೆಯವರು. ಸ್ಕೂಟಿ ನಿಲ್ಲಿಸಿ, ಹೆಲ್ಮೆಟ್ ಹಾಕಿಕೊಂಡೇ ನಮ್ಮ ಗಟಾರಕ್ಕೆ ಬಗ್ಗಿ ಬಾಟಲಿ ತುಂಬುತ್ತಿದ್ದರು. ಅತ್ತೆ ಅವರನ್ನು ಸೊಳ್ಳೆಗೆ ಔಷಧ ಹೊಡೆಯುವವರೆಂದು ತಿಳಿದು, "ನಮ್ಮ ಬಚ್ಚಲಕ್ಕೂ ಸ್ವಲ್ಪ ಹೊಡೀರಿ ಅಕ್ಕಾರ" ಎಂದರು.

"ಹೊಡ್ಯಾಕ ಬಂದಿಲ್ರಿ ಅವ್ವಾರ, ಒಯ್ಯಾಕ ಬಂದೇನಿ. ಈ ನೀರು ಯಾರದು?"

ತಮ್ಮ ಗಟಾರದ ನೀರನ್ನು ಒಬ್ಬರು ಬೇಡಿ ಒಯ್ಯುವುದು ಮಾವನಿಗೆ ಹೊಸದು. ಅವರನ್ನು ಕೂರಿಸಿ ಚಹಾ ಕೊಟ್ಟ. ಮೇಡಂ ಚೀಲದಿಂದ ಹಪ್ಪಳದಂಥ ಒಂದು ಬಿಳಿ ಹಾಳೆ ತೆಗೆದರು. ಅದಕ್ಕೆ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಿವೆ, ನೀರು ಅದರಲ್ಲಿ ಸೋಸಿ ಇಳಿಯುತ್ತದೆ ಎಂದರು. ಅದರ ಮೈಮೇಲೆ ಒಂದು ಪುಡಿಯ ಲೇಪವಿತ್ತು. ಗೋಡೆಗೆ ಬಳಿಯುವ ಬಿಳಿ ಬಣ್ಣದಲ್ಲಿ ಇರುವಂಥದ್ದೇ ಪುಡಿ, ಆದರೆ ಬಹಳ ನುಣ್ಣಗಿನದು. ಬಿಸಿಲು ಬಿದ್ದರೆ ಆ ಪುಡಿ ಎಚ್ಚರಾಗುತ್ತದೆ, ಎಚ್ಚರಾದರೆ ನೀರಿನಲ್ಲಿರುವ ಬಣ್ಣವನ್ನು ಚೂರುಚೂರು ಮಾಡುತ್ತದೆ, ಹಾಳೆಗೆ ಹತ್ತಿದ ಜಿಡ್ಡನ್ನೂ ತಾನೇ ತಿಂದು ತೂತು ತೆರೆದಿಟ್ಟುಕೊಳ್ಳುತ್ತದೆ.

"ಬರೇ ಜರಡಿ ಅಲ್ರಿ ಇದು. ಬಿಸಲು ಕುಡದು ಕೆಲಸ ಮಾಡೂ ಜರಡಿ."

ಮಾವ ಹಾಳೆಯನ್ನು ದೂರವೇ ಇಟ್ಟು ನೋಡಿದ. ಮೇಡಂ ಅವನ ಬಾಯಲ್ಲಿ 'ಬಾಯಾರು' ಆದರು. "ಅಲ್ಲಪಾ... ಅಲ್ರೀ ಬಾಯಾರ, ಹುಟ್ಟಿದಾಗಿಂದ ಬಿಸಲಿನ ಬಾಯಿಂದ ಬಣ್ಣ ಉಳಿಸಿಕೋಂತ ಬಂದೇನಿ. ಈಗ ನಾನ ಕರದು ತಾಟು ಹಾಕಿ ಬಡಸ್ಬೇಕು ಅಂತೀರೇನು?"

"ನೂಲಿನಾಗ ಕುಂತಿದ್ದು ನಿಮ್ಮ ಬಣ್ಣ. ನೂಲು ಒಲ್ಲೆಂದು ಬಿಟ್ಟಿದ್ದು ನೀರಿನಾಗ ಐತಿ. ಅದನ್ನಷ್ಟ ಬಡಸ್ರಿ."

ಮಾವ ಒಪ್ಪಿದ. ಒಪ್ಪದೆ ಏನು ಮಾಡಿಯಾನು? ಬೇಸಿಗೆ ಅರ್ಧ ಮುಗಿದಿತ್ತು. ಒಂದು ಓರೆಯಾದ ತಟ್ಟೆ, ಅದರಲ್ಲಿ ಬಿಗಿದ ಹಾಳೆ, ಮೇಲಿನಿಂದ ತೊಟ್ಟಿಕ್ಕುವ ಪೀಪಾಯಿ, ಕೆಳಗೆ ಬಕೆಟ್ಟು. ತೊಳೆದ ನೀರು ಮೊದಲು ಉಸುಕಿನಲ್ಲಿ ಇಳಿದು ಆಮೇಲೆ ಹಾಳೆಯ ಮೇಲೆ ರೊಟ್ಟಿಯಷ್ಟು ತೆಳ್ಳಗೆ ಹರಡಬೇಕು. ದಪ್ಪಗೆ ನಿಂತರೆ ಬಿಸಿಲು ತಳ ಮುಟ್ಟುವುದಿಲ್ಲ. ಕಡಾಯಿಯ ಗಟ್ಟಿ ಬಣ್ಣ ಮಾತ್ರ ಬೇಡ, ಅದು ಕತ್ತಲೆ ಇದ್ದಂತೆ ಎಂದರು ಮೇಡಂ. ಮಾವನಿಗೂ ಗಟ್ಟಿ ಬಣ್ಣ ಚೆಲ್ಲುವ ರೂಢಿ ಇರಲಿಲ್ಲ, ಅದರಲ್ಲಿ ಮತ್ತೆ ತಿಳಿಗೆಂಪಿನ ನೂಲು ಅದ್ದುತ್ತಿದ್ದ. ಚಪ್ಪರದ ಆಚೆ ಸ್ವಲ್ಪ ಬಯಲು ನೋಡಿ ಯಂತ್ರ ಕೂರಿಸಿ, "ಬಿಸಲಿನಾಗ ಇರ್ಲಿ" ಎಂದು ಮೂರು ಮೂರು ಸಲ ಹೇಳಿ ಮೇಡಂ ಹೋದರು. ಅತ್ತೆ ಅದಕ್ಕೆ 'ಬಾಯಾರ ಸೋಸೂದು' ಎಂದು ಹೆಸರಿಟ್ಟು, ಕುಂಕುಮ ಹಚ್ಚಿದರು. ಕುಂಕುಮವೂ ಕೆಂಪು. ಅದೂ ನೀರಿಗೇ ಇಳಿಯಿತು.

ಮೇಡಂ ಕ್ಲಾಸಿಗೆ ಹೋಗುವ ಮೊದಲು, ಬೆಳಿಗ್ಗೆ ಬಂದು ಬಕೆಟ್ಟಿನ ನೀರನ್ನು ಬಾಟಲಿಗೆ ತುಂಬಿ ಎತ್ತಿ ಹಿಡಿದು ನೋಡುತ್ತಿದ್ದರು. ಗುಲಾಬಿ. ಮರುವಾರ ನೋಡಿದರು. ಗುಲಾಬಿ. ಹಾಳೆ ಬದಲಿಸಿದರು, ಪೀಪಾಯಿಯ ನಲ್ಲಿ ಸಣ್ಣಗೆ ಮಾಡಿದರು, ನೀರು ಇನ್ನೂ ತೆಳುಮಾಡಿದರು. ಗುಲಾಬಿ. ಕಿಟಕಿಯಲ್ಲಿ ಬಾಟಲಿಗಳು ಸಾಲು ನಿಂತು ನಮ್ಮ ಮನೆ ಶರಬತ್ತಿನ ಅಂಗಡಿಯಂತಾಯಿತು. "ಲ್ಯಾಬಿನಾಗ ಎಷ್ಟ ಛಂದ ಆಗಿತ್ತು" ಎಂದು ಅವರು ತಮ್ಮಷ್ಟಕ್ಕೆ ಅಂದುಕೊಳ್ಳುವುದನ್ನು ನಾನು ಕಲಿತು, ಮಾಡಿ ತೋರಿಸಿ, ಅವರನ್ನೇ ನಗಿಸಿದೆ. ಮಾವ ನಗಲಿಲ್ಲ. ಹೊಸ ಲಡಿ ತಂದ ನೇಕಾರರಿಗೆ, "ಮಿರಗ ಆದ ಮ್ಯಾಲೆ ನೋಡೂಣು ತಡೀರಿ" ಎನ್ನತೊಡಗಿದ್ದ. ಗಳಗಳಲ್ಲಿ ಅರ್ಧ ಖಾಲಿ ನಿಂತವು. ಖಾಲಿ ಗಳವನ್ನೂ ಅವನು ನೆರಳಿಗೆ ಸರಿಸುತ್ತಿದ್ದ, ಕೈಗೆ ಅಭ್ಯಾಸವಾಗಿತ್ತು.

ಒಂದು ದಿನ ಕಾಲೇಜಿನಲ್ಲಿ ಯಾರೋ ಸ್ಟ್ರೈಕ್ ಎಂದು ಕೂಗಿದರು. ಯಾತಕ್ಕೆಂದು ಕೇಳುವ ಕೆಟ್ಟ ಚಟ ನನಗಿಲ್ಲ. ಮಟಮಟ ಮಧ್ಯಾಹ್ನ ಮನೆಗೆ ಬಂದು ಹಿತ್ತಲಿಗೆ ಹೋದರೆ, ಮೇಡಂ ಕೂರಿಸಿದ ಜಾಗದಲ್ಲಿ ಯಂತ್ರವಿಲ್ಲ! ಅದು ಬೇವಿನ ಬುಡಕ್ಕೆ ಬಂದು ಕೂತಿತ್ತು. ಸಾಲದ್ದಕ್ಕೆ ಮೇಲೆ ಅತ್ತೆಯ ಹಳೆಯ ಸೀರೆ, ನಾಲ್ಕು ಮಡಿಕೆ, ತಂಪಿಗೆಂದು ನೀರು ಚಿಮುಕಿಸಿದ್ದು.

"ಅತ್ತೀ, ಇದಕ್ಕ ಜ್ವರ ಬಂದಾವೇನ್ರಿ? ಹೊಚ್ಚಿ ಮಲಗಿಸೀರಲ್ಲ!"

ಅತ್ತೆ ಒಳಗಿನಿಂದಲೇ ಗದರಿದರು. "ಬಿಸಲು ನೋಡಲೇ ಹೆಂಗ ಬಡ್ಯಾಕತ್ತೈತಿ! ಪರರ ಸಾಮಾನು, ಪಾಪ ಆ ಹುಡಿಗಿ ನಂಬಿ ಬಿಟ್ಟು ಹೋಗ್ಯಾಳ. ಸುಟ್ಟು ಕರಕಾದ್ರ ಏನಂತ ಹೇಳೂದು? ಮುಂಜಾನಿದು, ಸಂಜೀದು ಎಳೇ ಬಿಸಲು ಉಣಸ್ತೇನಿ, ಸಾಕಲ್ಲ?"

ಅವರು ಹೊದಿಸುವುದನ್ನು ಮಾವ ಬಲ್ಲ. ಮಾವ ಸರಿಸುವುದನ್ನು ಅತ್ತೆ ಬಲ್ಲರು. ನೆರಳು ತಿರುಗಿದಂತೆ ಗಳಗಳ ಜೊತೆ ಯಂತ್ರವನ್ನೂ ಅವನು ನೂಕುತ್ತ ಬಂದಿದ್ದ. ಬೇವಿನೆಲೆಗಳ ಸಂದಿಯಿಂದ ಬಿದ್ದ ಬೆಳಕಿನ ಬಿಲ್ಲೆಗಳೇ ಅವರ ಲೆಕ್ಕದಲ್ಲಿ ಬೇಕಾದಷ್ಟು ಬಿಸಿಲು. ಬೆಲೆಯುಳ್ಳ ವಸ್ತುವನ್ನು ನಡುಮಧ್ಯಾಹ್ನ ಬಯಲಿಗೆ ಬಿಟ್ಟು ಸುಮ್ಮನೆ ಕೂರುವುದು ಆ ಮನೆಯಲ್ಲಿ ಯಾರ ಕೈಯಿಂದಲೂ ಆಗದ ಕೆಲಸವಾಗಿತ್ತು. ಬೆಳಿಗ್ಗೆ ಮೇಡಂ ಬರುವ ಹೊತ್ತಿಗೆ ಯಂತ್ರ ಜಳಕ ಮಾಡಿದ ಮದುಮಗನಂತೆ ತನ್ನ ಜಾಗದಲ್ಲಿ ಕೂತಿರುತ್ತಿತ್ತು.

ಮರುದಿನ ಮೇಡಂಗೆ ಇದನ್ನು ಅತ್ತೆಯ ಧ್ವನಿ, ಮಾವನ ಕೆಮ್ಮು, ಯಂತ್ರದ ಗೊರಕೆ ಮೂರೂ ಸೇರಿಸಿ ಆಡಿ ತೋರಿಸಿದೆ. ಅವರು ಹೆಲ್ಮೆಟ್ ತೆಗೆದಿಟ್ಟು ಕಟ್ಟೆಯ ಮೇಲೆ ಕೂತು ನಕ್ಕರು. ಅವರ ತಲೆಗೂದಲನ್ನು ನಾವು ನೋಡಿದ್ದು ಅಂದೇ.

"ನಿಮ್ಮ ಮ್ಯಾಲೆ ಸಿಟ್ಟಾಗೂಣು ಅಂದ್ರ ಆಗವಲ್ದು. ನನ್ನ ಹಾಳಿಗೆ ನಮ್ಮ ಮನ್ಯಾಗೂ ಯಾರೂ ಇಷ್ಟು ಜ್ವಾಕಿ ಮಾಡಿಲ್ಲ" ಎಂದು ಕಣ್ಣೊರೆಸಿಕೊಂಡರು. ಆಮೇಲೆ ಎದ್ದು ಹಿತ್ತಲನ್ನೆಲ್ಲ ಸುತ್ತಿ ಮೇಲೆ ನೋಡಿದರು. ತಗಡು, ಗೋಣಿಚೀಲ, ಬೇವು. ಸೀರೆ ತೆಗೆದರೂ ಇಲ್ಲಿ ಬೇಕಾದಷ್ಟು ಬಿಸಿಲಿಲ್ಲ. ಮರ ಕಡಿದರೆ ನೂಲಿಗೆ ನೆರಳಿಲ್ಲ. ಅವರ ಕಣ್ಣು ಗೋಡೆಯಾಚೆ ಹೋಗಿ ನಿಂತಿತು. "ಅಲ್ಲಿ ಮಾಳಗಿ ಮ್ಯಾಲೆ ಹತ್ತಿ ಹಾಕ್ಯಾರಲ್ಲ, ಅದು ಯಾರ ಮನಿ?"

ಮಾವ ಕೆಮ್ಮಿದ.

ಸಂಜೆ ನನ್ನನ್ನು ಕರೆದು ಹೇಳಿದ: "ಅಲ್ಲಪಾ ಅಳಿಯಾ... ಹೋಗಿ ಕೇಳಿ ಬಾ. ಮಾಳಗಿ ಮ್ಯಾಲೆ ಒಂದ್ ಮೂಲಿ ಕೊಡ್ತಾನೇನಂತ. ಮಿರಗದ ತನಕ."

ನಾನು ಹೋದೆ. ಜೀವಮಾನದ ಕೆಲಸ ತೋರಿಸಿದೆ. "ಅಲ್ಲಪಾ..." ಎಂದೆ, ಕೆಮ್ಮಿದೆ, ನೆಲ ನೋಡಿದೆ, ಮಾವ ಅಂಗೈಯಿಂದ ಮೊಣಕೈ ಉಜ್ಜಿಕೊಳ್ಳುವುದನ್ನೂ ಬಿಡಲಿಲ್ಲ. ಚಾಚಾ ಪೂರ್ತಿ ಕೇಳಿದರು. ದಾರ ಹಲ್ಲಿನಿಂದ ಕಡಿದು ಸೂಜಿ ಪಕ್ಕಕ್ಕಿಟ್ಟರು.

"ಭಾಳ ಛಲೋ ಮಾಡ್ತಿ ಬೇಟಾ. ಅವನಕಿಂತ ಛಲೋ ಮಾಡ್ತಿ. ಆದ್ರ ಮಾಳಗಿ ನಾ ನಿನಗ ಹೆಂಗ ಕೊಡ್ಲಿ? ಭಟ್ಟಿ ನಿಂದಲ್ಲ. ಕೇಳೂದಿದ್ರ ಅವ್ನ ಕಳಸು. ಅವನ ಕೆಮ್ಮು ಅವನ ಬಾಯಿಂದ ಕೇಳಿ ವರ್ಷ ಆಗಾಕ ಬಂತು."

ನಾನು ಬಂದು ಇದನ್ನು ಚಾಚಾನ ಧ್ವನಿಯಲ್ಲಿ ಹೇಳಲಿಲ್ಲ. ಯಾಕೋ ಬರಲಿಲ್ಲ. ನನ್ನದೇ ಒಣಕಲು ಧ್ವನಿಯಲ್ಲಿ, "ನೀವ ಬರಬೇಕಂತ" ಎಂದೆ.

ಮಾವ ಅಂದು ಹೋಗಲಿಲ್ಲ. ಮರುದಿನವೂ ಇಲ್ಲ. ಮೂರನೆಯ ದಿನ ಮಧ್ಯಾಹ್ನ ಚಾಚಾ ಹತ್ತಿ ತಿರುವಲು ಮಾಳಿಗೆ ಹತ್ತಿದ್ದನ್ನು ನೋಡಿ, ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಅವರ ಅಂಗಳಕ್ಕೆ ಹೋಗಿ ನಿಚ್ಚಣಿಕೆಯ ಬುಡದಲ್ಲಿ ನಿಂತ. ನಾನೂ ಹಿಂದೆಯೇ ಹೋದೆ, ಇಂಥದ್ದನ್ನು ತಪ್ಪಿಸಿಕೊಳ್ಳುವವನು ನಾನಲ್ಲ. ಚಾಚಾ ಮೇಲಿನಿಂದ ಬಗ್ಗಿ ನೋಡಿದರು. ಮಾವ ಕೆಳಗಿನಿಂದ ಕತ್ತೆತ್ತಿ ನೋಡಿದ. ಇಬ್ಬರೂ ಬಾಯಿ ತೆರೆದು, ಮುಚ್ಚಿ, ಒಟ್ಟಿಗೇ ನನ್ನ ಕಡೆ ತಿರುಗಿದರು.

ನನ್ನ ಗಂಟಲಲ್ಲಿ ಎರಡೂ ಧ್ವನಿಗಳು ತಯಾರಾಗಿ ನಿಂತಿದ್ದವು. ತುಟಿ ಬಿಗಿಹಿಡಿದು ಕೋಳಿಗಳನ್ನು ನೋಡುತ್ತ ನಿಂತೆ. ಅಷ್ಟು ಕಷ್ಟದ ಪಾತ್ರ ನಾನು ಮತ್ತೆ ಮಾಡಿಲ್ಲ.

ಮಾವನೇ ಶುರುಮಾಡಿದ. ಕೆಮ್ಮಿದ. "ಬಿಸಲು... ಭಾಳ ಐತಿ."

"ನಮ್ಮ ಮಾಳಗಿ ಮ್ಯಾಲೆ ಇನ್ನೂ ಭಾಳ ಐತಿ" ಎಂದರು ಚಾಚಾ. "ಬೇಕಂದ್ರ ಒಯ್ಯಿ."

"ಒಯ್ಯಾಕ ಬರೂದಿಲ್ಲ ಅಂತಾರ ಬಾಯಾರು. ಸಾಮಾನ ಇಲ್ಲೇ ತರಬೇಕು."

"ತಾ ಮತ್ತ. ನಾ ದಿನಾ ಮ್ಯಾಲಿಂದ ನೋಡ್ತಿದ್ದೆ. ಮಧ್ಯಾಹ್ನಾತು ಅಂದ್ರ ವೈನಿ ಅದಕ್ಕ ಸೀರಿ ಹೊಚ್ಚತಿದ್ರು. ಬಿಸಲು ತಾಗಿದ್ರ ಕೆಡೂ ಮಶೀನ ಇರಬೇಕು, ಅಂದಕೊಂಡೆ."

"ನೋಡಿ ಹೇಳಬಾರದಾ ದೋಸ್ತಾ?"

"ಮಾತ ಬಿಟ್ಟಿದ್ದೆನಲ್ಲೋ ನಾನು!"

ಮಾವ ನಕ್ಕು, ನಗು ಕೆಮ್ಮಾಗಿ, ನಿಚ್ಚಣಿಕೆ ಹಿಡಿದುಕೊಂಡ. ಅದೇ ಸಂಜೆ ಯಂತ್ರ ಮಾಳಿಗೆ ಏರಿತು. ನಮ್ಮ ಹಿತ್ತಲಿನಿಂದ ಗೋಡೆ ದಾಟಿ ಪೈಪು ಹೋಯಿತು, ಸಣ್ಣ ಪಂಪು ಕೆಂಪು ನೀರನ್ನು ಮೇಲೆತ್ತತೊಡಗಿತು. ಯಾವ ನೀರು ಕಟ್ಟೆಯ ಮುಂದೆ ಬರಬಾರದೆಂದು ಜಗಳವಾಯಿತೋ ಅದೇ ನೀರು ಈಗ ಚಾಚಾನ ತಲೆಯ ಮೇಲೆ ಬಂದು ಕೂತಿತ್ತು. ಒಂದು ಕಡೆ ಬಿಳಿ ಹತ್ತಿ, ಒಂದು ಕಡೆ ಕೆಂಪು ತಟ್ಟೆ, ನಡುವೆ ಕೋಳಿ ಬಾರದಂತೆ ಕೋಲು ಹಿಡಿದು ಕೂತ ನಾನು. ಡಿಗ್ರಿ ಓದಿದ್ದು ಸಾರ್ಥಕವಾಯಿತು.

ಬಿಸಿಲು ಕೆಲಸ ಮಾಡುವುದನ್ನು ನಾವು ಕಣ್ಣಾರೆ ನೋಡಿದೆವು. ಮೊದಲ ದಿನ ಬಕೆಟ್ಟಿನ ನೀರು ತಿಳಿ ಗುಲಾಬಿ, ಆಮೇಲೆ ನೀರು ಹೆಚ್ಚಾದ ಚಹಾ, ಆಮೇಲೆ ಜೋಳದ ದಂಟಿನ ಬಣ್ಣ. ಒಂದು ಮಧ್ಯಾಹ್ನ ಮೇಡಂ ಬಾಟಲಿ ಎತ್ತಿ ಹಿಡಿದರೆ ಅದರೊಳಗಿಂದ ಬೇವಿನ ಮರ ಹಸಿರಾಗಿಯೇ ಕಂಡಿತು. ಮಾವ ಆ ಬಾಟಲಿಯನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ತಿರುಗಿಸಿದ. ತನ್ನ ಕೆಂಪು ಎಲ್ಲಿ ಹೋಯಿತೆಂದು ಹುಡುಕುವವನಂತೆ. ಖುಷಿಯಾಗಿದ್ದ, ಆದರೂ ನೆಂಟರನ್ನು ಬಸ್ಸಿಗೆ ಹತ್ತಿಸಿ ಬಂದವನ ಮುಖವಿತ್ತು.

"ಕುಡೀಬಹುದೇನ್ರಿ?" ಎಂದರು ಚಾಚಾ.

"ಬ್ಯಾಡ್ರೀ ಮತ್ತ! ಬಣ್ಣ ಹೋಗೇತಿ, ಉಪ್ಪು ಹೋಗಿಲ್ಲ. ನೂಲು ಮೊದಲ ಸಲ ತೊಳ್ಯಾಕ ಬಳಸ್ರಿ."

ಮಾವ ಹಾಗೆಯೇ ಮಾಡಿದ. ಹಾಳೆ ಸಾವಧಾನದ ಪ್ರಾಣಿ, ದಿನಕ್ಕೆ ಕೆಲವೇ ಕೊಡ ಸೋಸುತ್ತಿತ್ತು. ಸೋಸಿದ್ದನ್ನೇ ಮತ್ತೆ ತೊಳೆಯಲು ಬಳಸಿ ಗಟಾರಕ್ಕೆ ಹೋಗುವುದನ್ನೇ ಕಡಿಮೆ ಮಾಡಿದ. ದಿನಾ ಊಟವಾದ ಮೇಲೆ ಮಾಳಿಗೆ ಹತ್ತಿ ಕೂರುವುದು ರೂಢಿಯಾಯಿತು. ಆದರೆ ನೆರಳಿನ ಪ್ರಾಣಿ, ಬರುವಾಗ ಛತ್ರಿ ತರುತ್ತಿದ್ದ. ಛತ್ರಿಯ ನೆರಳು ನೇರ ತಟ್ಟೆಯ ಮೇಲೆ.

"ಏ ಛತ್ರಿ ಸರಸಲೇ ಮಾರಾಯಾ! ನಿನ್ನ ನೆಳ್ಳಿಗೆ ನನ್ನ ಹತ್ತಿನೂ ಒಣಗೂದಿಲ್ಲ, ನಿನ್ನ ನೀರೂ ತಿಳಿಯಾಗೂದಿಲ್ಲ!"

ಮಿರಗದ ಮೊದಲ ವಾರ ಮೋಡ ಬಂದು ನಿಂತಿತು. ಬಿಸಿಲಿಲ್ಲದೆ ಹಾಳೆ ತೂಕಡಿಸತೊಡಗಿ ಬಕೆಟ್ಟಿನಲ್ಲಿ ಮತ್ತೆ ಚಹಾದ ಬಣ್ಣ ಇಣುಕಿತು. ಮಾವ ನೀರನ್ನು ಪೀಪಾಯಿಗಳಲ್ಲಿ ಕೂಡಿಟ್ಟ, ಹೊರಗೆ ಬಿಡಲಿಲ್ಲ. ಪೀಪಾಯಿ ತುಂಬಿದ ಮೇಲೆ ಭಟ್ಟಿ ಹಚ್ಚುವುದನ್ನೇ ನಿಲ್ಲಿಸಿ, ಮೋಡ ಸರಿದ ಒಂದೊಂದು ಗಳಿಗೆಗೂ ಓಡಿ ಮಾಳಿಗೆ ಹತ್ತುತ್ತಿದ್ದ. ಹುಟ್ಟಿದಾಗಿನಿಂದ ಬಿಸಿಲಿಗೆ ಬೈದ ಮನುಷ್ಯ ಕೈ ಹಣೆಗಿಟ್ಟು ಬಿಸಿಲಿಗೆ ಕಾಯುತ್ತ ನಿಂತಿದ್ದ. ಅದನ್ನು ನಾನು ಅಣಕಿಸಲಿಲ್ಲ. ಸರಿ, ಒಂದು ಸಲ ಅಣಕಿಸಿದೆ. ಅತ್ತೆ ಲಟ್ಟಣಿಗೆ ಎತ್ತಿದರು.

ಮಳೆ ಒಂದು ಸಂಜೆ ಬಿತ್ತು. ಗಟಾರ ತುಂಬಿ ಕಟ್ಟೆಯ ಅಂಚಿಗೆ ಬಂತು. ಚಾಚಾ ಒಳಗಿನಿಂದ ಹಿಡಿಯಷ್ಟು ಹತ್ತಿ ತಂದರು. ಹಿಂಜಿದ್ದು, ಹಾಲಿನಂಥದ್ದು. ಮಾವ ನಮ್ಮ ಬಾಗಿಲಲ್ಲಿ ನಿಂತ. ಅತ್ತೆ ಅವನ ಹಿಂದೆ. ಭಟ್ಟಿಯ ಪಕ್ಕ ಅವನು ಬೆಳಿಗ್ಗೆಯೇ ತುಂಬಿಟ್ಟಿದ್ದ ಒಂದು ಕೊಡ ನೀರಿತ್ತು. ಅದು ಯಾತಕ್ಕೆಂದು ನಾವ್ಯಾರೂ ಕೇಳಿರಲಿಲ್ಲ.

ಚಾಚಾ ಬಗ್ಗಿ ಹತ್ತಿ ಅದ್ದಿದರು. ಎತ್ತಿ, ಹಿಂಡಿ, ಬಿಡಿಸಿ, ಮಳೆಯ ಬೆಳಕಿಗೆ ಹಿಡಿದರು. ಮೂಗಿನ ಹತ್ತಿರ ತಂದರು. ಮುಖ ಸಿಂಡರಿಸಿದರು.

"ಏನಾತು?" ಎಂದ ಮಾವ. ಕೆಮ್ಮಲಿಲ್ಲ.

"ಬಿಳೇ ಅಂತೂ ಇಲ್ಲ."

ಅತ್ತೆ ಸೆರಗು ಬಾಯಿಗಿಟ್ಟುಕೊಂಡರು. ಮಾವ ಹಿತ್ತಲ ಕಡೆ ತಿರುಗಿಬಿಟ್ಟಿದ್ದ.

"ಅರೆ ಎಲ್ಲಿ ಹೊಂಟಿ? ಬಂದು ನೋಡು ಮೊದಲು! ಬೂದಗಪ್ಪ ಆಗೇತಿ. ಇದು ಮ್ಯಾಲಿನ ಓಣಿ ಬಚ್ಚಲ ನೀರು, ಮುಸರಿ ನೀರು, ಊರ ಮಂದಿ ಹೊಲಸು. ಇದರಾಗ ನಿಂದೇನೈತಿ? ನಿನ್ನ ಕೆಂಪು ನನಗ ಗೊತ್ತಿಲ್ಲೇನು? ನನ್ನ ಗಾದಿ ಮ್ಯಾಲೆ ಕಣ್ಣಾರೆ ನೋಡೇನಿ!"

ಮಾವ ಮಳೆಯಲ್ಲೇ ಬಂದು ಹತ್ತಿಯನ್ನು ಕೈಗೆ ತೆಗೆದುಕೊಂಡ. ಮಗ್ಗುಲು ಮಗ್ಗುಲು ತಿರುಗಿಸಿದ. ಬೂದು, ಕಪ್ಪು, ಒಂದು ಬೇವಿನೆಲೆ. ಕೆಂಪು ಅವನ ಬೆರಳುಗಳದಷ್ಟೇ. "ಅಲ್ಲಪಾ..." ಎಂದ. ಕೆಮ್ಮು ಬಂತು, ವಿಷಯ ಬರಲಿಲ್ಲ. ಆ ಕೊಡದ ನೀರನ್ನು ಅತ್ತೆ ಚಹಾಕ್ಕೆ ಇಟ್ಟರು. ಭಟ್ಟಿಯ ಮೇಲೆಯೇ.

ಅದಾದ ಮೇಲೂ ಚಾಚಾ ಹತ್ತಿ ಅದ್ದುವುದನ್ನು ಬಿಡಲಿಲ್ಲ. ಶುಕ್ರವಾರ ನಮಾಜು ಮುಗಿಸಿ ಬಂದು ಗಟಾರಕ್ಕೆ ಬಗ್ಗುವುದು, ಮಾವ ಬಂದು ನೋಡುವುದು, ಇಬ್ಬರೂ ಮುನಸಿಪಾಲ್ಟಿಗೆ ಬೈಯುವುದು. ಅದ್ದಿದ ಹತ್ತಿಯನ್ನು ಅವರ ಹೆಂಡತಿ ಚಾಚಿ ಒಗೆದು ತಟ್ಟೆಯ ಪಕ್ಕದಲ್ಲೇ ಬಿಸಿಲಿಗೆ ಹಾಕುತ್ತಿದ್ದರು. ಕೂಡಿ ಕೂಡಿ ಅದೊಂದು ತಲೆದಿಂಬಾಯಿತು. ಮಾವ ಈಗಲೂ ಮಧ್ಯಾಹ್ನ ಅದರ ಮೇಲೆಯೇ ತಲೆಯಿಟ್ಟು ಮಲಗುತ್ತಾನೆ. ನೆರಳಿನಲ್ಲಿ.

ಮೇಡಂ ಬೇರೆ ಕಾಲೇಜಿಗೆ ಹೋದರು. ಹಾಳೆ ಮಂಕಾದಾಗ ಚಾಚಾನೇ ಫೋನು ಮಾಡುತ್ತಾರೆ, ಮೇಡಂ ಹೊಸದು ಕಳಿಸುತ್ತಾರೆ. ನಾನು ಲಕ್ಷ್ಮೇಶ್ವರದ ಒಂದು ಶಾಲೆಯಲ್ಲಿ ಮೇಷ್ಟ್ರು. ಬೋರ್ಡಿಗೆ ತಿರುಗಿದರೆ ಹಿಂದಿನ ಬೆಂಚಿನಿಂದ ನನ್ನದೇ ಧ್ವನಿ ಕೇಳುತ್ತದೆ. ನನಗೂ ಒಂದು ಧ್ವನಿಯಿತ್ತೆಂದು ಗೊತ್ತಾದದ್ದು ಹಾಗೆ. ಚೆನ್ನಾಗಿ ಮಾಡುತ್ತಾರೆ, ಆದರೆ ಮೂಗು ಸ್ವಲ್ಪ ಹೆಚ್ಚು.

ರಜೆಗೆ ಬೆಟಗೇರಿಗೆ ಹೋದರೆ ನನಗೆ ಕೆಲಸವಿಲ್ಲ. ಒಬ್ಬರು ಮಾಳಿಗೆಯಿಂದ, ಒಬ್ಬರು ಹಿತ್ತಲಿನಿಂದ, ಗೋಡೆಯ ಮೇಲಿನಿಂದ ದಿನವಿಡೀ ಮಾತು ಎಸೆದಾಡುತ್ತಾರೆ. ಹೋದ ಸಲ ಚಾಚಾ ಹತ್ತಿ ತಿರುವುತ್ತ, "ಬೇಟಾ, ನಿನ್ನ ಮಾವಂದು ಒಮ್ಮಿ ಮಾಡಿ ತೋರ್ಸು, ಭಾಳ ದಿನಾತು" ಎಂದರು. ನಾನು ಗಂಟಲು ಸರಿಮಾಡಿಕೊಂಡು, ನೆಲ ನೋಡಿ, ಮೊಣಕೈ ಉಜ್ಜಿಕೊಂಡು "ಅಲ್ಲಪಾ..." ಎಂದೆ. ಕೆಮ್ಮಬೇಕು ಅನ್ನುವಷ್ಟರಲ್ಲಿ ಗೋಡೆಯಾಚೆ, ಬೇವಿನ ಕೆಳಗಿನಿಂದ, ಅಸಲಿ ಕೆಮ್ಮೇ ಬಂದುಬಿಟ್ಟಿತು.